ಎಂಟು ಎಕರೆಯಲ್ಲಿ ಕೂಗರ್: ಸಾಂಟಾ ಕ್ರೂಜ್ ಬೆಟ್ಟದಲ್ಲಿ ನನ್ನ ಕ್ಯಾಮೆರಾ ಅನುಭವ

ಸೆನ್ಸರ್ ಹೇಗೆ ಕೆಲಸ ಮಾಡುತ್ತದೆ, ಕಾರ್ಡು ಎಷ್ಟು ಜಿಬಿ ಇರಬೇಕು ಎಂದೆಲ್ಲ ಹೇಳಲು ನಾನು ಹೋಗುವುದಿಲ್ಲ. ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಎದುರು ಹಾಯ್ದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ, ಕಟ್ಟುವವರಿಗೆ ಅದು ಗೊತ್ತಿದ್ದದ್ದೇ. ನನ್ನ ಬಳಿ ಇರುವ ಸುದ್ದಿ ಇಷ್ಟು: ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಬೆಟ್ಟಸಾಲಿನಲ್ಲಿ, ಪರಿಚಯದವರೊಬ್ಬರ ಎಂಟು ಎಕರೆಯಷ್ಟು ಖಾಸಗಿ ಜಾಗದಲ್ಲಿ, ಒಂದು ಮರದ ಬುಡಕ್ಕೆ ಮುಖ ಮಾಡಿ ಕಟ್ಟಿದ ನನ್ನ ಕ್ಯಾಮೆರಾಗೆ ಈಗ ತಿಂಗಳಿಗೆ ಎರಡು ಮೂರು ಸಲ ಕೂಗರ್ (ಪ್ಯೂಮಾ ಎಂದೂ ಕರೆಯುವ ಅಮೆರಿಕದ ದೊಡ್ಡ ಕಾಡುಬೆಕ್ಕು) ಸಿಗುತ್ತಿದೆ. ಬೆಟ್ಟದ ಕೆಳಗೆ ಇಪ್ಪತ್ತು ನಿಮಿಷ ಕಾರು ಓಡಿಸಿದರೆ ಸಿಲಿಕಾನ್ ಕಣಿವೆಯ ಕಚೇರಿಗಳ ಗಾಜಿನ ಗೋಡೆಗಳು ಕಾಣುತ್ತವೆ. ಇದು ಯಾರೂ ಕಾಲಿಡದ ಕಾಡಲ್ಲ.

ಆಗುವುದಿಲ್ಲ ಎಂದವರು ಹಲವರು. ನಮ್ಮ ಗುಂಪಿನಲ್ಲಿ ನನಗಿಂತ ಹತ್ತು ವರ್ಷ ಮೊದಲೇ ಈ ಹುಚ್ಚು ಹತ್ತಿಸಿಕೊಂಡ ಹಿರಿಯರೊಬ್ಬರಿದ್ದಾರೆ. ಅವರು ಕಾಫಿ ಲೋಟ ಕೆಳಗಿಟ್ಟು ಲೆಕ್ಕವನ್ನೇ ಒಪ್ಪಿಸಿದ್ದರು. "ಗಂಡು ಕೂಗರ್ ಓಡಾಡುವ ಸರಹದ್ದು ನೂರೈವತ್ತು ಚದರ ಕಿಲೋಮೀಟರ್ ದಾಟುತ್ತದೆ ಮಾರಾಯರೇ. ನಿಮ್ಮ ಎಂಟು ಎಕರೆ ಅದರಲ್ಲಿ ನಾಲ್ಕು ಸಾವಿರದಲ್ಲಿ ಒಂದು ಪಾಲೂ ಸರಿಯಾಗಿ ಬರುವುದಿಲ್ಲ. ಅದು ಅಲ್ಲಿಗೇ ಬರಬೇಕು, ನಿಮ್ಮ ಪೆಟ್ಟಿಗೆಯ ಎದುರೇ ಹಾಯಬೇಕು, ಅದೂ ಬ್ಯಾಟರಿ ಇರುವಾಗ." ಲೆಕ್ಕ ತಪ್ಪಿರಲಿಲ್ಲ. ಆದರೆ ಕೂಗರ್ ತನ್ನ ಸರಹದ್ದಿನಲ್ಲಿ ಎಲ್ಲ ಕಡೆಯೂ ಒಂದೇ ಸಮ ಓಡಾಡುತ್ತದೆ ಎಂದುಕೊಂಡರೆ ಮಾತ್ರ ಆ ಲೆಕ್ಕ ನಡೆಯುತ್ತದೆ. ಅದು ಹಾಗೆ ಓಡಾಡುವುದಿಲ್ಲ ಎಂಬುದರ ಮೇಲೆಯೇ ನನ್ನ ವಿಧಾನ ಪೂರ್ತಿ ನಿಂತಿದೆ.

ಇಲ್ಲಿನ ಭೂಗೋಳ ಒಂದಿಷ್ಟು ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಪುಸ್ತಕದ ನಕ್ಷೆಗಳಲ್ಲಿ ಕೆನಡಾದ ಯೂಕಾನ್‌ನಿಂದ ದಕ್ಷಿಣ ಅಮೆರಿಕದ ಬಾಲದ ತುದಿಯ ಮೆಗೆಲನ್ ಜಲಸಂಧಿಯವರೆಗೆ ಕೂಗರ್‌ಗೆ ಒಂದೇ ಬಣ್ಣ ಬಳಿದಿರುತ್ತಾರೆ. ಪಶ್ಚಿಮ ಗೋಳಾರ್ಧದಲ್ಲಿ ಇಷ್ಟು ಉದ್ದಕ್ಕೆ ಹರಡಿಕೊಂಡ ಕಾಡು ಸಸ್ತನಿ ನೆಲದ ಮೇಲೆ ಇನ್ನೊಂದಿಲ್ಲ. ಅರಿಜೋನಾದ ಕಳ್ಳಿಗಾಡು, ಫ್ಲಾರಿಡಾದ ಜೌಗು, ಜಾಗ್ವಾರ್ ಜೊತೆ ಹಂಚಿಕೊಂಡಿರುವ ಬ್ರೆಜಿಲ್‌ನ ಪಾಂಟನಾಲ್, ಆಂಡೀಸ್‌ನ ಎತ್ತರ, ಪಟಗೋನಿಯಾದ ಬೋಳು ಬಯಲು, ಎಲ್ಲವೂ ಅದಕ್ಕೆ ಆಗುತ್ತದೆ. ಪಟಗೋನಿಯಾದಲ್ಲಿ ಒಂಟೆಯ ಬಂಧುವಾದ ಗ್ವಾನಕೊ ತಿನ್ನುತ್ತದೆ. ಅರ್ಜೆಂಟೀನಾದ ಮಾಂಟೆ ಲಿಯೋನ್ ತೀರದಲ್ಲಿ ಪೆಂಗ್ವಿನ್ ಕೂಡ ಹಿಡಿಯುತ್ತದೆ. ಇದನ್ನೆಲ್ಲ ಓದಿದ ಹೊಸಬರು "ಹಾಗಾದರೆ ಎಲ್ಲಿ ಕಟ್ಟಿದರೂ ಸಿಗುತ್ತದೆ" ಎಂದು ಹಿಗ್ಗುತ್ತಾರೆ. ನಾನೂ ಹಿಗ್ಗಿದವನೇ.

ಆ ಬಣ್ಣದೊಳಗೆ ತೂತುಗಳೇ ಜಾಸ್ತಿ. ಅಮೆರಿಕದ ಪೂರ್ವಾರ್ಧದಲ್ಲಿ ಫ್ಲಾರಿಡಾ ಒಂದನ್ನು ಬಿಟ್ಟರೆ ಬೇರೂರಿದ ಸಂತತಿ ಉಳಿಯಲಿಲ್ಲ, ಬೇಟೆಯಾಡಿ ಮುಗಿಸಿದರು. ಫ್ಲಾರಿಡಾದಲ್ಲಿ ಉಳಿದ ಬೆರಳೆಣಿಕೆಯವೂ ಒಳಸಂಬಂಧದಿಂದ ಕುಗ್ಗಿಹೋಗಿ, 1995ರಲ್ಲಿ ಟೆಕ್ಸಾಸ್‌ನಿಂದ ಎಂಟು ಹೆಣ್ಣು ಕೂಗರ್‌ಗಳನ್ನು ತಂದು ಬಿಡಬೇಕಾಯಿತು. ಅದೇ ಪ್ರಾಣಿಗೆ ದಾರಿ ಸಿಕ್ಕರೆ ಏನು ಮಾಡುತ್ತದೆ ಎಂಬುದಕ್ಕೆ 2011ರಲ್ಲಿ ಕನೆಕ್ಟಿಕಟ್‌ನ ಹೆದ್ದಾರಿಯಲ್ಲಿ ಕಾರಿಗೆ ಸಿಕ್ಕಿ ಸತ್ತ ಗಂಡು ಸಾಕ್ಷಿ. ಡಿಎನ್ಎ ಪರೀಕ್ಷೆ ಮಾಡಿದಾಗ ಅದರ ಮೂಲ ದಕ್ಷಿಣ ಡಕೋಟಾದ ಬ್ಲ್ಯಾಕ್ ಹಿಲ್ಸ್ ಎಂದು ತಿಳಿಯಿತು. ಅರ್ಧ ಅಮೆರಿಕ ನಡೆದು ಬಂದಿತ್ತು.

ನಮ್ಮ ಬೆಟ್ಟಸಾಲು ಹೆಚ್ಚುಕಮ್ಮಿ ಒಂದು ದ್ವೀಪ. ಪಶ್ಚಿಮಕ್ಕೆ ಪೆಸಿಫಿಕ್, ಉತ್ತರಕ್ಕೆ ಸ್ಯಾನ್ ಫ್ರಾನ್ಸಿಸ್ಕೊ, ಪೂರ್ವಕ್ಕೆ ಸ್ಯಾನ್ ಹೊಸೆ ಮತ್ತು 101 ಹೆದ್ದಾರಿ. ಹೊರಗೆ ಹೋಗುವ ಬಾಗಿಲುಗಳು ಎರಡೇ: ಆಗ್ನೇಯದ ಕಯೋಟಿ ಕಣಿವೆ ದಾಟಿ ಡಯಾಬ್ಲೊ ಸಾಲಿಗೆ, ಇಲ್ಲವೇ ದಕ್ಷಿಣದ ಪಾಹರೊ ನದಿಯ ಕಡೆಯಿಂದ ಗಾಬಿಲಾನ್ ಸಾಲಿಗೆ. ಸಾಲದ್ದಕ್ಕೆ ಬೆಟ್ಟವನ್ನೇ ಸೀಳಿಕೊಂಡು 17ನೇ ಹೆದ್ದಾರಿ ಹೋಗುತ್ತದೆ, ದಿನಕ್ಕೆ ಅರವತ್ತು ಸಾವಿರ ವಾಹನ. 2022ರ ಕೊನೆಯ ವೇಳೆಗೆ ಲಾರೆಲ್ ತಿರುವಿನ ಕೆಳಗೆ ಒಂದು ಕೋಟಿ ಡಾಲರ್‌ಗೂ ಮಿಕ್ಕಿ ಸುರಿದು ಪ್ರಾಣಿಗಳಿಗೊಂದು ಕೆಳದಾರಿ ಮಾಡಿದ್ದಾರೆ. ಹೀಗೆ ಇಕ್ಕಟ್ಟಾದ ಕಡೆ ಕೂಗರ್ ಮನೆಗಳ ಹಿತ್ತಲನ್ನು ಬಳಸಿಕೊಂಡೇ ಬದುಕಬೇಕು, ಬದುಕುತ್ತಿದೆ. 2014ರಲ್ಲಿ ಮೌಂಟನ್ ವ್ಯೂ ಊರಿನ ನಡುವೆ, ನೆಲಮಾಳಿಗೆಯ ಕಾರು ನಿಲ್ದಾಣದಲ್ಲಿ ಒಂದು ಎಳೆಯ ಗಂಡು ಅವಿತು ಕೂತದ್ದನ್ನು ಇಲ್ಲಿನ ಹಳಬರು ಇನ್ನೂ ಹೇಳುತ್ತಾರೆ. ಆ ಕಟ್ಟಡ ನನ್ನ ಹಿಂದಿನ ಕಚೇರಿಯಿಂದ ದೂರವೇನಿರಲಿಲ್ಲ.

ಈಗ ದುಡ್ಡು ಹೋದ ಕಥೆ.

ಮೊದಲ ವರ್ಷ ಅಗ್ಗದ ಕ್ಯಾಮೆರಾಗಳು, ಒಂದಕ್ಕೆ ಐವತ್ತು ಡಾಲರ್‌ನವು, ಆರೇಳು ಕೊಂಡೆ. ಎಲ್ಲರೂ ಹೇಳುವಂತೆ ನೀರಿನ ಬಳಿ ಕಟ್ಟಿದೆ. ತೀರ್ಥಹಳ್ಳಿಯ ಕಡೆಯವನು ನಾನು. ಬೇಸಿಗೆಯಲ್ಲಿ ನೀರಿಗೆ ಪ್ರಾಣಿ ಬಂದೇ ಬರುತ್ತದೆ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವನು. ಬಂದವು ನಿಜ. ರಕೂನ್, ಜಿಂಕೆ, ಕಾಡುಹಂದಿ, ಪಕ್ಕದ ಮನೆಯ ನಾಯಿ. ಇಲ್ಲಿ ಕೂಗರ್‌ನ ಮುಖ್ಯ ಆಹಾರ ಕಪ್ಪುಬಾಲದ ಜಿಂಕೆ. ಜಿಂಕೆ ಬಂದಲ್ಲಿ ಅದೂ ಬರಬೇಕು ಎಂದು ಕಾದೆ. ಕಾರ್ಡಿನಲ್ಲಿ ಸಿಕ್ಕಿದ್ದು ಗಾಳಿಗೆ ಅಲುಗುವ ಹುಲ್ಲಿನ ಸಾವಿರಾರು ಚಿತ್ರಗಳು. ಮಳೆ ಇಲ್ಲಿ ಚಳಿಗಾಲದಲ್ಲಿ ಬೀಳುತ್ತದೆ. ಒಂದೇ ಮಳೆಗೆ ಮೂರು ಕ್ಯಾಮೆರಾಗಳ ಲೆನ್ಸ್ ಒಳಗೆ ನೀರು ಹೊಕ್ಕಿತು. ಮಾರಿದವರಿಗೆ ಬರೆದರೆ "ಮಳೆಗೆ ಒಡ್ಡಬಾರದು" ಎಂಬ ಉತ್ತರ ಬಂತು. ಕಾಡಿನ ಕ್ಯಾಮೆರಾ, ಮಳೆಗೆ ಒಡ್ಡಬಾರದು!

ಆಮೇಲೆ ಸಿಮ್ ಇರುವ ಕ್ಯಾಮೆರಾ. ಚಿತ್ರ ಫೋನಿಗೇ ಬರುತ್ತದೆ, ಬೆಟ್ಟ ಹತ್ತುವ ಕಷ್ಟವಿಲ್ಲ ಎಂಬ ಆಸೆ. ರೆಡ್‌ವುಡ್ ಮರಗಳ ಕಣಿವೆಯಲ್ಲಿ ಸಿಗ್ನಲ್ ಇಲ್ಲವೇ ಇಲ್ಲ. ತಿಂಗಳಿಗೆ ಹದಿನೈದು ಡಾಲರ್ ಬಾಡಿಗೆ ಕಟ್ಟುತ್ತಾ ವರ್ಷ ಕಳೆಯಿತು. ಬೋಲ್ಡರ್ ಕ್ರೀಕ್ ಊರಿನ ಮೇಲಿನ ಸಹೋದ್ಯೋಗಿಯ ಜಾಗದಲ್ಲಿ ಕಟ್ಟಿದ್ದ ಎರಡು ಕ್ಯಾಮೆರಾಗಳನ್ನು 2020ರ ಆಗಸ್ಟ್‌ನ ಸಿಝಡ್‌ಯು ಎಂದು ಹೆಸರಾದ ಕಾಡ್ಗಿಚ್ಚು ತಿಂದುಹಾಕಿತು. ತಿಂಗಳುಗಳ ನಂತರ ಹೋದಾಗ ಸಿಕ್ಕಿದ್ದು ಉಕ್ಕಿನ ಕಾವಲು ಪೆಟ್ಟಿಗೆ. ಒಳಗೆ ಕರಗಿ ಗಟ್ಟಿಯಾದ ಕಪ್ಪು ಪ್ಲಾಸ್ಟಿಕ್ ಗುಂಡಿ. ಅವರ ಕೊಟ್ಟಿಗೆಯೇ ಹೋಗಿತ್ತು, ನನ್ನದನ್ನು ಹೇಳಿಕೊಳ್ಳಲೂ ನಾಚಿಕೆಯಾಯಿತು.

ಮೂರನೆಯದು ದೊಡ್ಡ ಖರ್ಚು. ಹಳೆಯ ಡಿಎಸ್ಎಲ್ಆರ್, ನೀರು ಹೊಗದ ಪೆಟ್ಟಿಗೆ, ಹೊರಗಿನ ಸೆನ್ಸರ್, ಎರಡು ನಿಕಾನ್ ಎಸ್‌ಬಿ-28 ಫ್ಲ್ಯಾಶ್. ಈ ಹಳೆಯ ಫ್ಲ್ಯಾಶ್ ವಾರಗಟ್ಟಲೆ ನಿದ್ದೆ ಮಾಡಿ ಕರೆದೊಡನೆ ಏಳುತ್ತದೆ. ಹೊಸ ಫ್ಲ್ಯಾಶ್‌ಗಳಿಗೆ ಆ ಗುಣವಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್‌ನಲ್ಲೂ ಬೆಲೆ ಇಳಿಯುವುದಿಲ್ಲ. ಒಟ್ಟು ಒಂಬೈನೂರರಿಂದ ಸಾವಿರ ಡಾಲರ್ ಆಗಿರಬೇಕು. ಇಲ್ಲಿನ ಕಡ್ಡಿಗೂಡು ಕಟ್ಟುವ ಕಾಡಿಲಿಗಳು ಮೊದಲ ತಿಂಗಳಲ್ಲೇ ಫ್ಲ್ಯಾಶ್ ವೈರನ್ನು ಕತ್ತರಿಸಿ ತುಂಡು ತುಂಡು ಮಾಡಿದವು. ವೈರಿಗೆ ತಂತಿಬಲೆಯ ಕೊಳವೆ ತೊಡಿಸಿದೆ. ಹಂದಿಯೊಂದು ಕಂಬಕ್ಕೆ ಮೈ ಉಜ್ಜಿ ಇಡೀ ಜೋಡಣೆಯನ್ನು ಮಕಾಡೆ ಮಲಗಿಸಿತು. ಸಾಗರದ ಮಂಜು ಬೆಟ್ಟ ಹತ್ತಿ ಬಂದ ದಿನಗಳಲ್ಲಿ ಗಾಜಿನ ಮೇಲೆ ಹನಿ ಕಟ್ಟಿ ಎಲ್ಲ ಚಿತ್ರವೂ ಹಾಲು. ರಸ್ತೆ ಬದಿಯ ಒಂದು ಕ್ಯಾಮೆರಾವನ್ನು ಎರಡು ಕಾಲಿನ ಪ್ರಾಣಿ ಹೊತ್ತೊಯ್ದಿತು. ಹೊತ್ತೊಯ್ಯುವಾಗಿನ ಚಿತ್ರ ಅದರೊಳಗೇ ಇದ್ದೀತು.

ಎಲ್ಲ ಸೇರಿ ಮೂರು ಸಾವಿರ ಡಾಲರ್‌ಗೆ ಸ್ವಲ್ಪ ಹೆಚ್ಚೇ ಹೋಯಿತು. ನನ್ನ ಹೆಂಡತಿ ಅದನ್ನು ಯಾವಾಗಲೂ ಬೆಂಗಳೂರಿನ ವಿಮಾನದ ಟಿಕೆಟ್‌ಗಳಲ್ಲಿ ಲೆಕ್ಕ ಹಾಕುತ್ತಾಳೆ. ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿನಲ್ಲಿದ್ದ ಪಿ-22 ಎಂಬ ಪ್ರಸಿದ್ಧ ಗಂಡು ಹಾಲಿವುಡ್ ಫಲಕದ ಕೆಳಗೆ ಹಾಯುವ ಚಿತ್ರಕ್ಕಾಗಿ ಛಾಯಾಗ್ರಾಹಕ ಸ್ಟೀವ್ ವಿಂಟರ್ ವರ್ಷಕ್ಕೂ ಮಿಕ್ಕಿ ಕಾದಿದ್ದರು ಎಂದು ಹೇಳಿದೆ. "ಅವರಿಗೆ ಅದಕ್ಕೆ ಸಂಬಳ ಬರುತ್ತದೆ" ಎಂದಳು.

ದಾರಿ ತೋರಿಸಿದ್ದು ಬೂದು ನರಿ. ಹಳೆಯ ಮರ ಸಾಗಿಸುವ ದಾರಿಯೊಂದರಲ್ಲಿ ನನ್ನ ಉಳಿದ ಒಂದು ಅಗ್ಗದ ಕ್ಯಾಮೆರಾ ಇತ್ತು. ಅದರಲ್ಲಿ ಒಂದು ನರಿ ವಾರಕ್ಕೆ ಎರಡು ಸಲವಾದರೂ ಬಂದು, ಚಿತ್ರದ ಮೂಲೆಯಲ್ಲಿ, ಒಂದೇ ಜಾಗದ ನೆಲಕ್ಕೆ ಕೆನ್ನೆ ಉಜ್ಜಿ ಹೋಗುತ್ತಿತ್ತು. ಹೊರಳುವುದಲ್ಲ, ಎಡಗೆನ್ನೆ, ಬಲಗೆನ್ನೆ, ಕುತ್ತಿಗೆ, ಅಷ್ಟೇ. ನರಿಗೆ ಅಲ್ಲಿ ಏನು ಕೆಲಸ? ಯುಸಿ ಸಾಂಟಾ ಕ್ರೂಜ್ ವಿಶ್ವವಿದ್ಯಾಲಯದವರು ಇದೇ ಬೆಟ್ಟದಲ್ಲಿ ವರ್ಷಗಟ್ಟಲೆ ಕೂಗರ್‌ಗಳನ್ನು ಅಧ್ಯಯನ ಮಾಡಿದ್ದಾರೆ. ಗಂಡು ಕೂಗರ್ ಹಿಂಗಾಲಿನಿಂದ ನೆಲ ಕೆದರಿ ವಾಸನೆ ಬಿಟ್ಟ ಜಾಗಕ್ಕೆ ಬೂದು ನರಿಗಳು ಬಂದು ಕೆನ್ನೆ ಉಜ್ಜುವುದನ್ನು ಅವರು ದಾಖಲಿಸಿದ್ದು ನನಗೆ ನೆನಪಾಯಿತು. ಕೂಗರ್ ವಾಸನೆ ಮೈಗೆ ಹಚ್ಚಿಕೊಂಡರೆ ನರಿಯನ್ನು ಕೊಲ್ಲುವ, ತೋಳದ ಜಾತಿಯ ಕಯೋಟಿಗಳು ದೂರ ಇದ್ದಾವು ಎಂಬುದು ಒಂದು ಊಹೆ. ಕಾರಣ ಏನೇ ಇರಲಿ, ಮರುದಿನವೇ ಮೊಣಕಾಲೂರಿ ಆ ಮೂಲೆ ನೋಡಿದೆ.

ಬೇ ಲಾರೆಲ್ ಮರದ ಬುಡ. ಮೇಲೆ ಒತ್ತಾದ ಕೊಂಬೆ. ಹಾಗಾಗಿ ಮಳೆಗಾಲದಲ್ಲೂ ಕೆಳಗಿನ ತರಗೆಲೆ ಅರ್ಧ ಒಣಗಿಯೇ ಇರುತ್ತದೆ. ಅದರಲ್ಲಿ ಗೇಣುದ್ದಕ್ಕೂ ಮಿಕ್ಕಿದ ಎರಡು ಗೀರುಗಳು, ಅಕ್ಕಪಕ್ಕ, ನಡುವೆ ಎರಡು ಬೆರಳಿನ ತೆರಪು. ಗೀರುಗಳ ಹಿಂದಿನ ತುದಿಯಲ್ಲಿ ತರಗೆಲೆ, ಕಡ್ಡಿ, ಪುಡಿಮಣ್ಣು ಒತ್ತರಿಸಿದ ಪುಟ್ಟ ಗುಪ್ಪೆ. ಮೂಗು ಹತ್ತಿರ ಹಿಡಿದರೆ ಖಾರವಾದ ಬೆಕ್ಕಿನ ವಾಸನೆ. ಒಂದು ಮಾರು ಆಚೆಗೆ ಹಳೆಯ ಗುಪ್ಪೆ, ಅದರ ಮೇಲೆ ಎಲೆ ಬಿದ್ದು ಮಸುಕಾಗಿತ್ತು. ಇನ್ನೊಂದು, ಮತ್ತೊಂದು. ಬಾಬ್‌ಕ್ಯಾಟ್ ಎಂಬ ಚಿಕ್ಕ ಕಾಡುಬೆಕ್ಕು ಕೂಡ ಕೆದರುತ್ತದೆ, ಆದರೆ ಅದರದು ಅಂಗೈ ಅಗಲದ ಆಟ. ಎರಡನ್ನೂ ಒಮ್ಮೆ ನೋಡಿದವರಿಗೆ ಗೊಂದಲವಾಗದು.

ಇದು ಕೂಗರ್‌ಗಳ ಅರಳಿಕಟ್ಟೆ. ಆ ಸರಹದ್ದಿನ ಗಂಡು ಬಂದು ತಾನಿದ್ದೇನೆ ಎಂದು ಹೇಳಿ ಹೋಗುತ್ತದೆ. ಬೆದೆಗೆ ಬಂದ ಹೆಣ್ಣು ಬಂದು ಯಾರಿದ್ದಾರೆ ಎಂದು ವಿಚಾರಿಸುತ್ತದೆ. ಊರು ಬಿಟ್ಟು ಜಾಗ ಹುಡುಕುವ ಎಳೆಯ ಗಂಡು ಮೂಸಿ ನೋಡಿ ಬಾಲ ಮುದುರಿಕೊಂಡು ಮುಂದಕ್ಕೆ ಹೋಗುತ್ತದೆ. ನೂರೈವತ್ತು ಚದರ ಕಿಲೋಮೀಟರ್‌ನಲ್ಲಿ ಇಂಥ ಜಾಗಗಳು ಕೆಲವೇ. ಅವಕ್ಕೆ ಅದು ಸುತ್ತು ಹಾಕಿಕೊಂಡು ಬಂದೇ ಬರುತ್ತದೆ. ಹಾಗಾಗಿ ನನ್ನ ಎಂಟು ಎಕರೆ ಸರಹದ್ದಿನ ಎಷ್ಟನೇ ಪಾಲು ಎಂಬ ಪ್ರಶ್ನೆಯೇ ಏಳುವುದಿಲ್ಲ. ಕೆದರುವ ಜಾಗ ಅದರೊಳಗೆ ಬಿದ್ದಿದೆ, ಸಾಕು.

ಇನ್ನೊಂದು ಲಾಭ ಯಂತ್ರದ ಕಡೆಯಿಂದ. ದಾರಿಯಲ್ಲಿ ನಡೆಯುವ ಕೂಗರ್ ಕ್ಯಾಮೆರಾ ಎದುರು ಇರುವುದು ಎರಡು ಸೆಕೆಂಡು; ನಿಧಾನವಾಗಿ ಏಳುವ ಅಗ್ಗದ ಕ್ಯಾಮೆರಾಗೆ ಸಿಗುವುದು ಬಾಲದ ತುದಿ. ಕೆದರುವ ಜಾಗದಲ್ಲಿ ಅದು ಅರ್ಧ ನಿಮಿಷ, ಕೆಲವೊಮ್ಮೆ ಒಂದು ನಿಮಿಷವೂ ನಿಲ್ಲುತ್ತದೆ. ಐನೂರು ಡಾಲರ್ ಕ್ಯಾಮೆರಾ ಬೇಕಿಲ್ಲ. ನಾನು ಈಗ ಬಳಸುವುದು ನೂರೈವತ್ತರ ಆಸುಪಾಸಿನದು, 940 ನ್ಯಾನೊಮೀಟರ್‌ನ, ಕೆಂಪು ಮಿನುಗು ಕಾಣದ ಅವಗೆಂಪು (ಇನ್ಫ್ರಾರೆಡ್) ದೀಪದ್ದು. 850ರ ದೀಪಕ್ಕೆ ದೂರ ಹೆಚ್ಚು, ಆದರೆ ಕೂಗರ್ ಆ ಮಂದ ಕೆಂಪನ್ನು ಕಂಡು ತಲೆ ಎತ್ತುತ್ತದೆ, ಆಮೇಲೆ ಮಾಡುವ ಕೆಲಸ ಅರ್ಧಕ್ಕೇ ಬಿಡುತ್ತದೆ. ಚಿತ್ರ ಬೇಡ, ವಿಡಿಯೊ ಇಡಿ. ಧ್ವನಿಯ ಬೆಲೆ ಮುಂದೆ ಹೇಳುತ್ತೇನೆ. ಲಿಥಿಯಂ ಸೆಲ್‌ಗಳನ್ನೇ ಹಾಕಿ, ಚಳಿಗೆ ಕ್ಷಾರದ ಸೆಲ್ ನಿಲ್ಲುವುದಿಲ್ಲ. ಎತ್ತರ ಮೊಣಕಾಲಿನಷ್ಟು, ಗುಪ್ಪೆಯಿಂದ ನಾಲ್ಕು ಮೀಟರ್ ದೂರ, ದಾರಿಗೆ ಓರೆಯಾಗಿ.

ಕೂಗರ್ ಸರಿಯಾಗಿ ಪಕ್ಕಕ್ಕೆ ತಿರುಗಿ ನಿಲ್ಲುವಂತೆ ನಾನು ನೆಲದ ಮೇಲೆ ಒಂದು ಚಿಕ್ಕ ಏರ್ಪಾಟು ಮಾಡಿದ್ದೇನೆ. ಅದಕ್ಕೆ ಖರ್ಚು ಸೊನ್ನೆ, ಪ್ರಾಣಿಗೆ ತೊಂದರೆಯೂ ಇಲ್ಲ. ಅದೇನೆಂದು ಹೇಳುವುದಿಲ್ಲ; ಮೂರು ಸಾವಿರ ಡಾಲರ್ ಕಳೆದು ಕಲಿತದ್ದರಲ್ಲಿ ಒಂದಾದರೂ ನನ್ನ ಬಳಿ ಉಳಿಯಲಿ. ಪೆಟ್ಟಿಗೆಗೆ ಏನು ಹಚ್ಚುತ್ತೇನೆ ಎಂಬುದೂ ಹಾಗೆಯೇ.

ಜಾಗ ಹುಡುಕುವ ಕ್ರಮ ಮಾತ್ರ ಹೇಳುತ್ತೇನೆ. ಭೂನಕ್ಷೆಯಲ್ಲಿ ಎರಡು ಏಣುಗಳು (ಬೆಟ್ಟದ ನೆತ್ತಿಯ ಸಾಲುಗಳು) ಕೂಡುವ ತಗ್ಗು ನೋಡಿ. ಹತ್ತೊಂಬತ್ತನೇ ಶತಮಾನದ ಕೊನೆಗೂ ಇಪ್ಪತ್ತನೆಯದರ ಮೊದಲಿಗೂ ಇಲ್ಲಿನ ರೆಡ್‌ವುಡ್ ಕಡಿದು ಸಾಗಿಸಿದ ದಾರಿಗಳು ಇನ್ನೂ ಬೆಟ್ಟದ ಸೊಂಟಕ್ಕೆ ಕಟ್ಟಿದ ಪಟ್ಟಿಗಳಾಗಿ ಉಳಿದಿವೆ. ಕೂಗರ್ ಮುಳ್ಳುಪೊದೆ ನುಗ್ಗುವುದಕ್ಕಿಂತ ಅಂಥ ಸಮತಟ್ಟು ದಾರಿಯನ್ನೇ ಹಿಡಿಯುತ್ತದೆ. ಆ ದಾರಿ ಏಣಿನ ತಗ್ಗನ್ನು ಮುಟ್ಟುವಲ್ಲಿ ದೊಡ್ಡ ಮರದ ಒಣ ಬುಡ ಇದೆಯೇ ನೋಡಿ. ಪಾಯ್ಸನ್ ಓಕ್ ಗಿಡ ಮೈಗೆ ತಾಗದಂತೆ ಉದ್ದ ತೋಳಿನ ಅಂಗಿ ಇರಲಿ. ಅದು ಗೇರಿನ ಕುಟುಂಬದ್ದೇ, ಗುಳ್ಳೆ ಎದ್ದರೆ ಎರಡು ವಾರ ನಿದ್ದೆ ಇಲ್ಲ. ರಕ್ತ ಹೀರುವ ಉಣ್ಣೆಗಳಂತೂ ಇದ್ದೇ ಇವೆ.

ಕಟ್ಟಿದ ಮೇಲೆ ಆರೆಂಟು ವಾರ ಆ ಕಡೆ ತಲೆ ಹಾಕಬಾರದು. ನಮ್ಮವರಿಗೆ ಇದೇ ಕಷ್ಟ. ಪ್ರತಿ ಶನಿವಾರ ಕಾರ್ಡು ನೋಡಲು ಹೋಗುವುದು, ಸ್ನೇಹಿತರನ್ನು ಕರೆದುಕೊಂಡು ಹೋಗಿ ತೋರಿಸುವುದು. ಮನುಷ್ಯರ ಸದ್ದಿಗೆ ಈ ಪ್ರಾಣಿ ಎಷ್ಟು ಅಂಜುತ್ತದೆ ಎಂದರೆ, ಇದೇ ಬೆಟ್ಟದಲ್ಲಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಕೊಂದ ಬೇಟೆಯ ಬಳಿ ಜನ ಮಾತಾಡುವ ಧ್ವನಿ ಕೇಳಿಸಿದಾಗ ಬಹುಪಾಲು ಸಲ ಎದ್ದು ಓಡಿತು, ತಿನ್ನುವ ಹೊತ್ತು ಅರ್ಧಕ್ಕಿಳಿಯಿತು. ಕಪ್ಪೆಯ ಕೂಗು ಕೇಳಿಸಿದರೆ ಹೆಚ್ಚು ಕಡಿಮೆ ಏನೂ ಆಗಲಿಲ್ಲ.

ಮೊದಲ ಸಲದ ಕಾರ್ಡನ್ನು ಅಡುಗೆಮನೆಯ ಮೇಜಿನ ಮೇಲೆ ತೆರೆದೆ. ನರಿ, ನರಿ, ಜಿಂಕೆ, ನರಿ. ಆಮೇಲೆ ಬೆಳಗಿನ ಜಾವ ಮೂರರ ಹೊತ್ತಿಗೆ ಎಡಗಡೆಯಿಂದ ಒಂದು ಭಾರಿ ತಲೆ ಒಳಗೆ ಬಂತು. ಗಂಡು. ಗುಪ್ಪೆಯನ್ನು ಮೂಸಿತು, ಮೇಲ್ತುಟಿ ಸುಕ್ಕಾಗಿಸಿ ಬಾಯಿ ಅರೆ ತೆರೆದು ಕೆಲ ಕ್ಷಣ ಹಾಗೆಯೇ ನಿಂತಿತು. ನಂತರ ತಿರುಗಿ, ಸೊಂಟ ತಗ್ಗಿಸಿ, ಎಡಗಾಲು ಬಲಗಾಲು ಬದಲಿಸುತ್ತಾ ಹಿಂದಕ್ಕೆ ಎಲೆ ತಳ್ಳತೊಡಗಿತು. ಬಾಲ ಎತ್ತಿ ಓರೆಯಾಗಿ ಹಿಡಿದಿತ್ತು. ಗಂಡೋ ಹೆಣ್ಣೋ ಎಂದು ನೋಡುವ ಕಪ್ಪು ಚುಕ್ಕೆ ಸ್ಪಷ್ಟ ಕಾಣಿಸಿತು. ಎಲೆಗಳ ಸರಪರ ಸದ್ದು ಮೈಕಿನಲ್ಲಿ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಹೆಂಡತಿ ಒಲೆ ಆರಿಸಿ ಬಂದು ನಿಂತಳು. ಟಿಕೆಟ್ ಲೆಕ್ಕ ಆ ದಿನ ಬರಲಿಲ್ಲ.

ಆಮೇಲೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಅದೇ ಗಂಡು. ಅದೇ ಎಂದು ಹೇಗೆ ಹೇಳುತ್ತೀರಿ ಎಂದು ಹಿರಿಯರು ಕೇಳಿದರು, ಸರಿಯಾದ ಪ್ರಶ್ನೆಯೇ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಯ ಪಟ್ಟೆಗಳಿಂದ ಒಂದೊಂದನ್ನೂ ಗುರುತಿಸಿ ಎಣಿಸುವ ಕ್ರಮ ರೂಢಿಗೆ ತಂದರು. ಚಿರತೆಗೂ ಅದು ನಡೆಯುತ್ತದೆ. ಕೂಗರ್ ಮೈಮೇಲೆ ಗುರುತೇ ಇಲ್ಲ, ಮರಿಗಳಿಗೆ ಮಾತ್ರ ಚುಕ್ಕೆ ಇದ್ದು ಬೆಳೆಯುತ್ತಾ ಮಾಸುತ್ತದೆ. ನನ್ನ ಗಂಡಿಗೆ ಬಲಗಿವಿಯ ಅಂಚಿನಲ್ಲಿ ಒಂದು ಕಚ್ಚು ಇದೆ, ಅದೇ ಆಧಾರ. ಹೆಣ್ಣುಗಳ ವಿಷಯದಲ್ಲಿ ನಾನು ಎಣಿಕೆಗೆ ಹೋಗುವುದಿಲ್ಲ. ಪ್ರತಿ ವಿಡಿಯೊದಲ್ಲಿ ಬಾಲದ ತುದಿಯನ್ನಂತೂ ನೋಡುತ್ತೇನೆ. ದಕ್ಷಿಣದ ಸಾಂಟಾ ಮೋನಿಕಾ ಬೆಟ್ಟದಲ್ಲಿ 2020ರಲ್ಲಿ ಹಿಡಿದ ಪಿ-81 ಎಂಬ ಗಂಡಿನ ಬಾಲದ ತುದಿ ಕೊಕ್ಕೆಯಾಗಿ ತಿರುಚಿತ್ತು, ಒಂದು ವೃಷಣ ಇಳಿದೇ ಇರಲಿಲ್ಲ, ಒಳಸಂಬಂಧದ ಲಕ್ಷಣಗಳವು. ನನ್ನ ಮರದ ಕೆಳಗೆ ಬಂದವುಗಳ ಬಾಲ ಈವರೆಗೆ ನೇರವಾಗಿಯೇ ಇದೆ.

ಧ್ವನಿಯ ಬೆಲೆ ಎಂದೆನಲ್ಲ. ಒಂದು ಫೆಬ್ರವರಿ ರಾತ್ರಿ ಹೆಣ್ಣು ಬಂದು, ಗಂಡಿನ ಗುಪ್ಪೆಯ ಮೇಲೆ ನಿಂತು ಅರಚಿತು. ಕೂಗರ್ ಸಿಂಹ ಹುಲಿಗಳ ಹಾಗೆ ಗರ್ಜಿಸುವುದಿಲ್ಲ. ಇದು ಕತ್ತು ಹಿಸುಕಿದ ಹೆಂಗಸಿನ ಕಿರುಚಾಟ. ಆ ವಿಡಿಯೊವನ್ನು ಜಾಗದ ಯಜಮಾನರಿಗೆ ಹಾಕಿ ಕೇಳಿಸಿದೆ. ಅವರು ವರ್ಷಗಳಿಂದ ಆಗಾಗ ಇದನ್ನು ಕೇಳಿ, ಕೆಳಗಿನ ರಸ್ತೆಯಲ್ಲಿ ಯಾರೋ ಜಗಳವಾಡುತ್ತಾರೆ ಎಂದುಕೊಂಡಿದ್ದರಂತೆ. ಒಮ್ಮೆ ಪೊಲೀಸರಿಗೂ ಫೋನ್ ಮಾಡಿದ್ದರು.

ಅಡ್ಡ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಜಾಗ್ವಾರ್ ಅಧ್ಯಯನ ಮಾಡುವವರು ಕ್ಯಾಲ್ವಿನ್ ಕ್ಲೈನ್‌ನ ಅಬ್ಸೆಷನ್ ಎಂಬ ಗಂಡಸರ ಸುಗಂಧ ಬಳಸಿ ಪ್ರಾಣಿಯನ್ನು ಕ್ಯಾಮೆರಾ ಎದುರು ನಿಲ್ಲಿಸಿದ್ದು ಓದಿದ್ದೆ. ನಾನೂ ಒಂದು ಶೀಶೆ ಕೊಂಡು, ಬೇರೆ ಮರದ ಬುಡಕ್ಕೆ ಸಿಂಪಡಿಸಿದೆ. ಬಾಬ್‌ಕ್ಯಾಟ್ ಬಂದು ಮೈಯೆಲ್ಲ ಉಜ್ಜಿಕೊಂಡಿತು. ನರಿ ಅದರ ಮೇಲೆ ಉಚ್ಚೆ ಹೊಯ್ದಿತು. ಕೂಗರ್ ಹತ್ತು ಮೀಟರ್ ದೂರದಲ್ಲಿ ಹಾದುಹೋಯಿತು, ತಿರುಗಿಯೂ ನೋಡಲಿಲ್ಲ. ಉಳಿದ ಮುಕ್ಕಾಲು ಶೀಶೆ ಮನೆಯಲ್ಲಿದೆ. ನನ್ನ ವಾಸನೆ ಮುಚ್ಚಲು ಫಿಲ್ಟರ್ ಕಾಫಿಯ ಚರಟ ಸುರಿದದ್ದೂ ಉಂಟು. ಮಾಂಸವನ್ನೋ ಆಹಾರವನ್ನೋ ಇಟ್ಟು ಕರೆಯುವ ಯೋಚನೆ ಮಾತ್ರ ಯಾರೂ ಮಾಡಬೇಡಿ; ಇಲ್ಲಿ ಅದು ಕಾನೂನಿಗೂ ವಿರುದ್ಧ, ಕೊನೆಗೆ ಸಾಯುವುದು ಕೂಗರ್.

ಎರಡನೆಯ ಪ್ರಯೋಗ ಪಕ್ಕದ ಮನೆಯ ಅಜ್ಜಿಯ ಮೇಕೆಗಳದು. ಈ ಬೆಟ್ಟದಲ್ಲಿ ಕೂಗರ್ ಕೈಗೆ ಸಿಗುವ ಸಾಕುಪ್ರಾಣಿಗಳಲ್ಲಿ ಮೇಕೆಯೇ ಮುಂದು. ನನ್ನ ವಿಡಿಯೊ ನೋಡಿ ಅಜ್ಜಿಗೆ ಗಾಬರಿಯಾಯಿತು. ಮನುಷ್ಯರ ಮಾತಿಗೆ ಅಂಜುತ್ತದೆ ಎಂದ ಮೇಲೆ ನಾನೇ ಮುಂದಾಗಿ ದೊಡ್ಡಿಯ ಬಳಿ ಸ್ಪೀಕರ್ ಕಟ್ಟಿದೆ. ಏನು ಹಾಕುವುದು? ನನ್ನ ಫೋನಿನಲ್ಲಿದ್ದ ಅತಿ ಉದ್ದದ ಮಾತಿನ ಧ್ವನಿಮುದ್ರಣವೆಂದರೆ ತಾಳಮದ್ದಳೆ. ರಾತ್ರಿಯಿಡೀ ಕೃಷ್ಣನೂ ಕರ್ಣನೂ ವಾದ ಮಾಡಿದರು. ಎರಡು ವಾರ ಕೂಗರ್ ಆ ಬದಿಯ ಕ್ಯಾಮೆರಾದಲ್ಲಿ ಕಾಣಲಿಲ್ಲ, ಜಿಂಕೆಯೂ ಕಾಣಲಿಲ್ಲ, ಮೇಕೆಗಳು ಚೆಂಡೆಯ ಪೆಟ್ಟಿಗೆ ಬೆಚ್ಚಿ ಹಾಲು ಕಡಿಮೆ ಕೊಟ್ಟವು. ಅರ್ಥಧಾರಿಗಳ ವಾದ ಪೂರ್ತಿಯಾಗುವ ಮೊದಲೇ ಅಜ್ಜಿ ಸ್ಪೀಕರ್ ವೈರು ಕಿತ್ತಿದ್ದರು. ಕೊನೆಗೆ ಆದದ್ದು ಸರಳ ಕೆಲಸ: ಎರಡು ಭಾನುವಾರ ಸೇರಿ ದೊಡ್ಡಿಗೆ ಮೇಲ್ಛಾವಣಿ ಸಹಿತ ಬಲೆ ಹೊದಿಸಿದೆವು, ಸಾಮಗ್ರಿಗೆ ನಾನೂರು ಡಾಲರ್ ಆಗಿರಬೇಕು. ರಾತ್ರಿ ಒಳಗೆ ಕೂಡಿದರೆ ಮುಗಿಯಿತು. ಈವರೆಗೆ ಒಂದು ಮೇಕೆಯೂ ಹೋಗಿಲ್ಲ. ಈ ರಾಜ್ಯದಲ್ಲಿ 1907ರಿಂದ 1963ರವರೆಗೆ ಕೂಗರ್ ಕೊಂದವರಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. 1990ರಲ್ಲಿ ಜನಮತದಿಂದ ಶೋಕಿಯ ಬೇಟೆಗೆ ಕಾಯಂ ನಿಷೇಧ ಬಿತ್ತು. ಈಗಲೂ ಸಾಕುಪ್ರಾಣಿ ಹೋದರೆ ಆ ಕೂಗರನ್ನು ಕೊಲ್ಲಲು ಪರವಾನಗಿ ಕೇಳಿ ಅರ್ಜಿ ಹಾಕುವ ಅವಕಾಶವಿದೆ. ಒಂದು ಬಲೆ ಹೊದಿಸಿದರೆ ಆ ಅರ್ಜಿ ಬರೆಯುವ ಪ್ರಮೇಯವೇ ಬರುವುದಿಲ್ಲ.

ಡಿಎಸ್ಎಲ್ಆರ್ ಅನ್ನು ಕೆದರುವ ಜಾಗದಲ್ಲಿ ಎಂದೂ ಇಟ್ಟಿಲ್ಲ, ಫ್ಲ್ಯಾಶ್ ಹೊಡೆದು ಆ ಜಾಗ ಕೆಡಿಸುವ ಧೈರ್ಯವಿಲ್ಲ. ಅದೇ ದಾರಿಯ ಮೇಲೆ ನೂರು ಹೆಜ್ಜೆ ಆಚೆ ಇಟ್ಟೆ. ಬರುವ ದಿಕ್ಕು, ಬರುವ ಹೊತ್ತು ಆಗಲೇ ಗೊತ್ತಿತ್ತಲ್ಲ. ಒಂದೇ ಒಂದು ಒಳ್ಳೆಯ ಚಿತ್ರ ಸಿಕ್ಕಿತು: ಮಂಜು, ರೆಡ್‌ವುಡ್ ಕಾಂಡ, ಮುಂಗಾಲು ಎತ್ತಿದ ಗಂಡು. ರಾಜ್ಯೋತ್ಸವದ ಸಮಾರಂಭದಲ್ಲಿ ಅದನ್ನು ಕಟ್ಟು ಹಾಕಿಸಿ ಇಟ್ಟಿದ್ದೆ. ನೋಡಿದವರಲ್ಲಿ ಅರ್ಧ ಜನ ಯಾವ ಮೃಗಾಲಯ ಎಂದು ಕೇಳಿದರು, ಇನ್ನರ್ಧ ಜನ ಕೃತಕ ಬುದ್ಧಿಮತ್ತೆಯ ಚಿತ್ರವೇ ಎಂದು ಕೇಳಿದರು. ಹಿರಿಯರು ಮಾತ್ರ ಎರಡು ನಿಮಿಷ ಸುಮ್ಮನೆ ನೋಡಿ, ಫ್ಲ್ಯಾಶ್ ಎಷ್ಟು ಎತ್ತರದಲ್ಲಿತ್ತು ಎಂದು ಕೇಳಿದರು. ಅಷ್ಟು ಸಾಕು ನನಗೆ. ಮುಂದಿನ ತಿಂಗಳು ಅವರೂ ನೀರಿನ ಬಳಿಯ ಕ್ಯಾಮೆರಾಗಳನ್ನು ಕಿತ್ತು ಏಣಿನ ಮೇಲೆ ಮರದ ಬುಡ ಹುಡುಕುತ್ತಿದ್ದರೆಂದು ಬೇರೆಯವರಿಂದ ತಿಳಿಯಿತು.

ಹೊಸದಾಗಿ ಮಾಡುವವರಿಗೆ ಖರ್ಚು ಹೀಗೆ ಬರಬಹುದು: ಕ್ಯಾಮೆರಾ ನೂರೈವತ್ತು, ಉಕ್ಕಿನ ಪೆಟ್ಟಿಗೆ ಮತ್ತು ಬೀಗ ಐವತ್ತು, ಸೆಲ್ ಮತ್ತು ಕಾರ್ಡು ನಲವತ್ತು. ಮುನ್ನೂರು ಡಾಲರ್ ಒಳಗೆ ಆಗುತ್ತದೆ. ಸಾರ್ವಜನಿಕ ಕಾಡಿನಲ್ಲಿ ಅನುಮತಿ ಇಲ್ಲದೆ ಕಟ್ಟಬೇಡಿ, ಕಿತ್ತೊಯ್ಯುತ್ತಾರೆ, ದಂಡವೂ ಬೀಳುತ್ತದೆ. ಖಾಸಗಿಯವರ ಬಾಗಿಲು ತಟ್ಟಿ ಕೇಳಿ. ಒಂದು ಡಬ್ಬಿ ಚಕ್ಕುಲಿ ನನಗೆ ಎರಡು ಕಡೆ ಅನುಮತಿ ಕೊಡಿಸಿದೆ. ವಿಡಿಯೊ ಹಂಚುವ ಮುಂಚೆ ಸ್ಥಳದ ಮಾಹಿತಿ ಅಳಿಸಿ. 17ನೇ ಹೆದ್ದಾರಿಯ ಆಚೆ ಬದಿಯಲ್ಲಿ ಒಬ್ಬರು ಈ ಮಳೆಗಾಲಕ್ಕೆ ತಮ್ಮ ಜಾಗ ಬಿಟ್ಟುಕೊಡಲು ಒಪ್ಪಿದ್ದಾರೆ. ಆ ಕಡೆಯ ಕ್ಯಾಮೆರಾದಲ್ಲಿ ಬಲಗಿವಿಯಲ್ಲಿ ಆ ಕಚ್ಚು ಇರುವ ಗಂಡು ಕಂಡರೆ ಅದು ರಸ್ತೆ ದಾಟಿದೆ ಎಂದು ಖಚಿತವಾಗುತ್ತದೆ. ಎರಡೂ ಬದಿಯ ಗಡಿಯಾರಗಳನ್ನು ಸೆಕೆಂಡಿಗೆ ಸರಿಹೊಂದಿಸಿ ಇಟ್ಟಿದ್ದೇನೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ತಂದಾಗಿದೆ.